ಖುಷಿರಾಜಿಯ ಸಹಿ

ನಮ್ಮ ಕಡೆ ಅಕ್ಕತಂಗಿಯರಿಂದ ಆಸ್ತಿ ಬಿಡಿಸಿಕೊಳ್ಳಲು ಒಳ್ಳೆಯ ಮುಹೂರ್ತವೆಂದರೆ ನಾಗರ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಎಳ್ಳುಂಡಿ ತಿಂದು ಜೋಕಾಲಿ ಜೀಕಿ ಮೆತ್ತಗಾಗಿರುತ್ತಾರೆ, ಮೈಮೇಲೆ ತವರಿನವರು ಕೊಟ್ಟ ಹೊಸ ಸೀರೆ ಇರುತ್ತದೆ. ಹಬ್ಬ ಮುಗಿದ ಮೇಲೆ ಹಾನಗಲ್ಲಿನ ನೋಂದಣಿ ಕಚೇರಿಯ ಮುಂದೆ ನಿಂತು ನೋಡಿ, ಆ ಸೀರೆಗಳ ಸಾಲೇ ಕಾಣುತ್ತದೆ. ಪಕ್ಕದಲ್ಲಿ ಅಣ್ಣತಮ್ಮಂದಿರು ಛತ್ರಿ ಹಿಡಿದು ನಿಂತಿರುತ್ತಾರೆ. ಉಳಿದ ದಿನಗಳಲ್ಲಿ ಅವರ ಈ ಮರ್ಯಾದೆಯನ್ನು ನಾನಂತೂ ಕಂಡಿಲ್ಲ.

ಅಪ್ಪ ತೀರಿಹೋದ ಮರುವರ್ಷದ ಪಂಚಮಿಗೆ ನಮ್ಮ ತಮ್ಮನೂ ಅಕ್ಕನಿಗೊಂದು, ನನಗೊಂದು ಸೀರೆ ತಂದ. ನಾನು ಹಿರೇಕೆರೂರಿನಲ್ಲಿ ಶಿಕ್ಷಕಿ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿದೆ. ನನಗೆ ಮನೆಯಿತ್ತು, ಸಂಬಳವಿತ್ತು, ಸಿಟ್ಟೂ ಇತ್ತು. ಅಕ್ಕನಿಗೆ ಮೂರೂ ಇರಲಿಲ್ಲ. ಅವ್ವ ಬೇಗ ಹೋದದ್ದರಿಂದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳು. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಸವಣೂರಿನಲ್ಲಿ ಮೈದುನನ ಮನೆಯ ಹಿಂದಿನ ಕೋಣೆಯಲ್ಲಿದ್ದಳು, ಅದನ್ನೂ ದೀಪಾವಳಿಯೊಳಗೆ ಖಾಲಿ ಮಾಡು ಎಂದಿದ್ದರು. ಇನ್ನು ತವರೇ ಗತಿ, ತಮ್ಮನ ಮನಸ್ಸು ಮುರಿಯಬಾರದು ಎಂದುಕೊಂಡು ಸಹಿಗೆ ಒಪ್ಪಿಬಿಟ್ಟಿದ್ದಳು. ತವರು ಉಳಿಯಲೆಂದು ತವರಿನ ಪಾಲನ್ನೇ ಬಿಟ್ಟುಕೊಡುವ ಈ ಜಾಣತನ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಬರುತ್ತದೆ. ಬೈದೆ, ಕೇಳಲಿಲ್ಲ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಹೋದೆ.

ಕಚೇರಿಯೆದುರಿನ ತಗಡಿನ ಶೆಡ್ಡಿನಲ್ಲಿ ಪತ್ರ ಬರೆಯುವವರು ಕರಡನ್ನು ಓದಿದರು. ಸದರಿ ಜಮೀನು ಮತ್ತು ಮನೆಯಲ್ಲಿನ ನನ್ನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟಿರುತ್ತೇನೆ, ಯಾವ ಕಾಲಕ್ಕೂ ತಂಟೆ ತಕರಾರು ಮಾಡುವುದಿಲ್ಲ, ಇತ್ಯಾದಿ.

"ಸ್ವಇಚ್ಛೆ ಅಂದ್ರ ಏನ್ರಿ?" ಎಂದಳು ಅಕ್ಕ.

"ಹಿಂದ ಖುಷಿರಾಜಿ ಅಂತ ಬರೀತಿದ್ವಿ ಅಕ್ಕಾರ. ಯಾರ ಒತ್ತಾಯಾನೂ ಇಲ್ಲ ಅಂತ ಅರ್ಥ."

ನನಗೆ ಮೈ ಉರಿಯಿತು. ಅಜ್ಜಿಯ ಕಾಲದಲ್ಲಿ ಖುಷಿರಾಜಿ, ಈಗ ಸ್ವಇಚ್ಛೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವವರು ಪದ ಬದಲಿಸಿಕೊಂಡು ಅದೇ ಕೆಲಸ ಮುಂದುವರಿಸಿದರು. ನಾಳೆ ಎಲ್ಲಿ ಮಲಗುವುದೋ ಎಂಬ ಹೆದರಿಕೆಯಲ್ಲಿ ಕುಳಿತವಳ ಬಾಯಿಗೆ ಸ್ವಇಚ್ಛೆ ಎಂಬ ಮಾತನ್ನು ತುರುಕಲು ಅಲ್ಲಿ ಯಾರಿಗೂ ನಾಚಿಕೆಯಾಗಲಿಲ್ಲ.

ಅಕ್ಕ ಇನ್ನೊಂದು ಕೇಳಿದಳು. "ಸಹಿ ಮಾಡಿದ ಮ್ಯಾಲ ನಾ ತವರಿಗೆ ಬರಾಕ ಬರ್ತೈತಿಲ್ರಿ?"

"ಬರಬ್ಯಾಡ ಅಂತ ಯಾರ್ ಅಂತಾರ?" ಎಂದ ತಮ್ಮ. "ನಿನ್ನ ಮನೀನ ಐತಿ."

"ಬಂದು ಇರಾಕ?"

"ಇರು."

"ಹಂಗಾರ ಅದನ್ನೂ ಬರಸು."

"ಅದನ್ನೇನ್ ಬರಸೋದು? ನನ್ನ ಮ್ಯಾಲ ನಂಬಿಗಿ ಇಲ್ಲೇನ ನಿನಗ?"

"ಐತಿ. ನಿನಗೂ ನನ್ನ ಮ್ಯಾಲ ನಂಬಿಗಿ ಇದ್ರ, ನಾ ಬಿಡೋದನ್ನ ಯಾಕ ಬರಸಾಕತ್ತಿ?"

ಅಕ್ಕ ಹೀಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಪತ್ರ ಬರೆಯುವವರ ಮುಖವನ್ನು ತಮ್ಮ ನೋಡಿದ. ಅವರಿಗೆ ಇದೆಲ್ಲ ರೂಢಿಯ ಮಾತು.

"ಬರೀಬಹುದ್ರಿ. ಮನೆಯ ಒಂದು ಕೋಣೆಯಲ್ಲಿ ಹಯಾತ್ ಇರುವತನಕ ವಾಸ ಮಾಡತಕ್ಕದ್ದು, ಅಂತ ಒಂದ ಸಾಲು ಸೇರಸ್ತೇನಿ. ಹಯಾತ್ ಅಂದ್ರ ಅಕ್ಕಾರ ಜೀವ ಇರೋತನಕ ಅಷ್ಟ. ಆಮ್ಯಾಲ ಆ ಕೋಣಿ ನಿಮ್ಮದ."

ಕರಡನ್ನು ತಮ್ಮ ಎಳೆದುಕೊಂಡು ಮೊದಲ ಹಾಳೆಗೆ ತಿರುವಿದ. ಅಲ್ಲಿ ಅಕ್ಕನ ಹೆಸರಿನ ಮುಂದೆ ಅವಳ ವಯಸ್ಸು ಬರೆದಿತ್ತು. ಅದರ ಮೇಲೆ ಬೆರಳಿಟ್ಟು ನೋಡಿದ.

"ಆತು, ಬರೀರಿ," ಎಂದ.

ಅಕ್ಕ ಆ ಬೆರಳನ್ನೇ ನೋಡುತ್ತಿದ್ದಳು. ಸಹಿಗೆಂದು ಹಿಡಿದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಬ್ಯಾಡ," ಎಂದಳು. "ನನ್ನ ಪಾಲ ನನಗ ಕೊಡು."