ಸೀಲಂಟ್ ಆರುವ ಮುನ್ನವೇ ಅಮಾವಾಸ್ಯೆ

ಕಾರನ್ನು ಮುಟ್ಟದೆ ಕಾರಿಗೆ ಪೂಜೆ ಮಾಡುವುದು ಹೇಗೆ?

ನಗಬೇಡಿ. ಕಳೆದ ಅಮಾವಾಸ್ಯೆಯ ಸಂಜೆ ಸಿಂದಗಿಯ ನಮ್ಮ ಮನೆಯ ಅಂಗಳದಲ್ಲಿ ಒಬ್ಬ ಇತಿಹಾಸದ ಲೆಕ್ಚರರ್ ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎತ್ತಿದ್ದರು. ಒಂದು ಕೈಯಲ್ಲಿ ಮೆತ್ತನೆಯ ಬಟ್ಟೆ, ಇನ್ನೊಂದು ಕೈ ಅಡ್ಡ ಚಾಚಿ, ಹೊಸ ಕಾರಿನ ಮುಂದೆ ಗೋಲ್‌ಕೀಪರ್ ಹಾಗೆ ನಿಂತಿದ್ದರು. ಎದುರಿಗೆ ಆರತಿ ತಟ್ಟೆ ಹಿಡಿದ ಅವರ ಸ್ವಂತ ಅಕ್ಕ. ನಡುವೆ ನಾನು. (ಮದುವೆಯಾದಾಗಿನಿಂದ ನನ್ನ ಜಾಗ ಅದೇ.)

ಆ ಲೆಕ್ಚರರ್ ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು. ಈ ಅಂಕಣ ಓದುವವರಿಗೆ ಅವರು ಹೊಸಬರಲ್ಲ. ಇಲ್ಲಿ ತಮ್ಮ ಬಗ್ಗೆ ಬರೆದದ್ದನ್ನು ಅವರು ಎಂದೂ ಓದುವುದಿಲ್ಲ. ಹಾಗಾಗಿಯೇ ನಮ್ಮ ಸಂಸಾರ ಚೆನ್ನಾಗಿ ನಡೆದಿದೆ.

ಕಾರು ಬಂದದ್ದು ತಿಂಗಳ ಹಿಂದೆ. ನಮ್ಮ ಮನೆಗೆ ಬಂದ ಮೊದಲ ಕಾರು. ಬಣ್ಣ ಕಪ್ಪು. ನಮ್ಮ ಕಡೆಯ ಧೂಳು ಕಂಡವರು ಯಾರಾದರೂ ಕಪ್ಪು ಕಾರು ತೆಗೆದುಕೊಳ್ಳುತ್ತಾರೆಯೇ? ಬೇಸಿಗೆಯಲ್ಲಿ ಗಾಳಿಯ ಧೂಳು, ಸುಗ್ಗಿಯಲ್ಲಿ ತೊಗರಿ ಹೊಟ್ಟಿನ ಧೂಳು, ಮಿಕ್ಕ ದಿನಗಳಲ್ಲಿ ರಸ್ತೆ ರಿಪೇರಿಯ ಧೂಳು. ಬಿಳಿ ತಗೊಳ್ಳಿ ಎಂದು ಹೇಳಿದ್ದೆ. "ಕಪ್ಪು ಅಂದ್ರ ಒಂದ್ ಗತ್ತು ಇರತೈತಿ" ಎಂದರು. ಎರಡನೆಯ ದಿನ ಬೆಳಿಗ್ಗೆ ನೋಡಿದರೆ ಆ ಗತ್ತಿನ ಮೇಲೆ ಬೆಕ್ಕೊಂದು ಓಡಾಡಿದ ಗುರುತು ಸಾಲಾಗಿ ಮೂಡಿತ್ತು.

ಬಣ್ಣ ಕಾಪಾಡಲು ಅದಕ್ಕೆ ಏನು ಹಚ್ಚಬೇಕು ಎಂದು ಅಂದಿನಿಂದ ಶುರುವಾಯಿತು ಸಂಶೋಧನೆ.

ಮೊದಲು ವ್ಯಾಕ್ಸ್. ಯಾವುದೋ ದೂರದ ದೇಶದ ತಾಳೆ ಜಾತಿಯ ಮರದ ಎಲೆಯಿಂದ ತೆಗೆದ ಮೇಣವಂತೆ. ಹಚ್ಚಿದರೆ ಬಣ್ಣಕ್ಕೆ ಭಾರಿ ಕಳೆ ಬರುತ್ತದೆ, ಆದರೆ ನಮ್ಮ ಬಿಸಿಲಿಗೆ ಬಹಳ ದಿನ ನಿಲ್ಲುವುದಿಲ್ಲ. ಆಮೇಲೆ ಸೀಲಂಟ್. ಇದು ಗಿಡಮರದ್ದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು. ಕಳೆ ತುಸು ಕಡಿಮೆ, ಬಾಳಿಕೆ ಜಾಸ್ತಿ. ಅದರ ಮೇಲೆ ಸೆರಾಮಿಕ್ ಕೋಟಿಂಗ್ ಅಂತ ಇನ್ನೊಂದು. ಸೀಲಂಟ್ ಮೇಲೆ ವ್ಯಾಕ್ಸ್ ಹಚ್ಚಬಹುದು, ವ್ಯಾಕ್ಸ್ ಮೇಲೆ ಸೀಲಂಟ್ ಹಚ್ಚಿದರೆ ಹಿಡಿಯುವುದಿಲ್ಲ. ಇವೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು ಪಾಠ ಮಾಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಸಲಹೆಗಾರರಿಗೂ ಬರವಿರಲಿಲ್ಲ. ಇಂಡಿ ಊರಿನ ಗೆಳೆಯರು ವ್ಯಾಕ್ಸ್ ಪಾರ್ಟಿ. ಮುದ್ದೇಬಿಹಾಳದಲ್ಲಿರುವ ನನ್ನ ತಂಗಿಯ ಗಂಡ ಸೀಲಂಟ್ ಪಾರ್ಟಿ. ಬಸವನ ಬಾಗೇವಾಡಿಯ ಇನ್ನೊಬ್ಬ ಲೆಕ್ಚರರ್ ಸೆರಾಮಿಕ್ ಪಾರ್ಟಿ, ಅದೂ ಸ್ವಂತ ಕಾರಿಲ್ಲದೆ. ಊಟಕ್ಕೆ ಕೂತರೆ ಸಾಕು, ಮೂರು ತಾಲ್ಲೂಕುಗಳಿಂದ ಫೋನ್. ನಮ್ಮ ಮದುವೆಗೆ ಮುಂಚೆ ಕೂಡ ಇಷ್ಟು ವಿಚಾರಣೆ ನಡೆದಿರಲಿಲ್ಲ. (ನಡೆದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತೇನೋ.)

"ನನ್ನ ಮುಖಕ್ಕ ಏನ್ ಹಚ್ಚಿದ್ರ ಚಲೋ ಅಂತ ಯಾವತ್ತರ ಹಿಂಗ ವಿಚಾರ ಮಾಡೀರೇನ್ರಿ?" ಎಂದು ಕೇಳಿದೆ.

"ನಿನ್ನ ಮುಖ ದಿನಾ ಬಿಸಿಲಾಗ ನಿಂದರಂಗಿಲ್ಲಲಾ" ಎಂದರು, ಮೊಬೈಲ್‌ನಿಂದ ಕಣ್ಣು ಎತ್ತದೆ.

ಕೊನೆಗೆ ಸೀಲಂಟ್ ಗೆದ್ದಿತು. ಡಬ್ಬಿ ಬಂತು. ಡಬ್ಬಿಯ ಮೇಲೆ ಇರುವೆಯಂಥ ಅಕ್ಷರಗಳಲ್ಲಿ ನಿಯಮಗಳು. ಕಾರನ್ನು ತೊಳೆದು ಒರೆಸಿರಬೇಕು, ನೆರಳಲ್ಲಿರಬೇಕು, ಮೈ ತಣ್ಣಗಿರಬೇಕು. ತೆಳ್ಳಗೆ ಹಚ್ಚಿ ಒರೆಸಬೇಕು. ಆಮೇಲೆ ಮುಖ್ಯವಾದ ಮಾತು. ಹಚ್ಚಿದ ಮೇಲೆ ಒಂದು ಇಡೀ ದಿನ ನೀರು, ಎಣ್ಣೆ, ಕೈ, ಯಾವುದೂ ಸೋಕಬಾರದು.

ಈಗ ಶಾಂತಕ್ಕನ ವಿಷಯ ಹೇಳಬೇಕು.

ಶಾಂತಕ್ಕ ನಮ್ಮವರ ದೊಡ್ಡಕ್ಕ. ಕೊಟ್ಟದ್ದು ಯಂಕಂಚಿಗೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಪೂಜೆ ಅವರದೇ. ಸ್ಕೂಟರ್ ಬಂದಾಗ ಬಂದರು, ಫ್ರಿಜ್ ಬಂದಾಗ ಬಂದರು, ಇನ್ವರ್ಟರ್ ಬಂದಾಗಲೂ ಬಂದು ಬ್ಯಾಟರಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಉಡಿ ತುಂಬಿಸಿಕೊಂಡು ಹೋದರು. ಮನೆಮಗಳ ಹಕ್ಕು ಅದು, ನಾನು ಅಡ್ಡ ಬಂದವಳಲ್ಲ.

ಹೋದ ವರ್ಷ ಅವರ ಯಜಮಾನರು ತೀರಿಕೊಂಡರು. ಆಮೇಲೆ ಶಾಂತಕ್ಕ ಎಲ್ಲ ಕಡೆ ಹಿಂದಿನ ಸಾಲಿಗೆ ಸರಿದುಬಿಟ್ಟರು. ಯಾರೂ ಬಾಯಿಬಿಟ್ಟು ಹಿಂದೆ ಹೋಗು ಅನ್ನಲಿಲ್ಲ. ಮುಂದೆ ಬಾ ಅಂತಲೂ ಯಾರೂ ಅನ್ನಲಿಲ್ಲ. ಸೀಮಂತವಿದ್ದರೆ ಅವರು ಅಡುಗೆಮನೆಯಲ್ಲಿ, ನಿಶ್ಚಿತಾರ್ಥವಿದ್ದರೆ ಚಪ್ಪಲಿ ಬಿಡುವ ಜಾಗದ ಹತ್ತಿರದ ಕುರ್ಚಿಯಲ್ಲಿ. ನನಗೆ ಅದು ಸಹಿಸಲಾಗುತ್ತಿರಲಿಲ್ಲ. ಕಾರು ಬಂದ ಮೇಲೆ ನಾನೇ ಫೋನ್ ಮಾಡಿದೆ.

"ಅಕ್ಕಾರ, ಕಾರಿನ ಪೂಜಾ ನೀವಽ ಮಾಡಬೇಕ್ರಿ. ಬರ್ರಿ."

"ನಾ ಮಾಡಿದ್ರ ನಡೀತೈತೇನ ತಂಗಿ?"

"ಇಷ್ಟ ವರ್ಷ ಯಾರು ಮಾಡ್ಯಾರ್ರಿ?"

"ಅವಾಗಿನ ಮಾತು ಬ್ಯಾರೆ ಇತ್ತು" ಎಂದರು. ನಾನು ಬಿಡಲಿಲ್ಲ. ಕಡೆಗೆ "ಅಮಾಸಿ ದಿನ ಬರ್ತೇನಿ" ಎಂದರು. ದನಿ ಎಷ್ಟು ಹಗುರಾಗಿತ್ತೆಂದರೆ ಫೋನ್ ಇಟ್ಟ ಮೇಲೆ ನನಗೇ ಅಳು ಬಂತು.

ಇದನ್ನು ನಮ್ಮವರಿಗೆ ಹೇಳಿದೆ. "ಹೂಂ" ಎಂದರು. ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅದರೊಳಗೆ ಸೀಲಂಟ್ ಇತ್ತು. ಗಂಡಸರ "ಹೂಂ" ನಂಬಿ ಕೆಟ್ಟ ಹೆಂಗಸರಲ್ಲಿ ನಾನು ಮೊದಲಿನವಳೂ ಅಲ್ಲ, ಕೊನೆಯವಳೂ ಅಲ್ಲ.

ಸೀಲಂಟ್ ಹಚ್ಚಲು ಒಳ್ಳೆಯ ದಿನ ಬೇಕಲ್ಲ? ನಮ್ಮವರು ಮೊಬೈಲ್‌ನಲ್ಲಿ ಮಳೆ ನೋಡಿದರು, ಗಾಳಿ ನೋಡಿದರು, ಬಿಸಿಲು ಎಷ್ಟು ಹೊತ್ತಿಗೆ ಅಂಗಳ ಬಿಡುತ್ತದೆ ಎಂದು ನೋಡಿದರು. ಕಾಲೇಜಿಗೆ ರಜೆ ಇದ್ದ ಒಂದು ದಿನ ಆರಿಸಿದರು. ತಿಥಿ ಮಾತ್ರ ನೋಡಲಿಲ್ಲ. ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಟ್ರ್ಯಾಕ್ಟರಿನಿಂದ ಹಿಡಿದು ಕಿರಾಣಿ ಅಂಗಡಿಯ ತಕ್ಕಡಿಯವರೆಗೆ ಎಲ್ಲಕ್ಕೂ ಕಾಯಿ ಒಡೆಯುತ್ತಾರೆ. ಗಾಲಿ ಇದ್ದದ್ದೆಲ್ಲ ಅವತ್ತು ತೊಳೆಸಿಕೊಂಡು ನಿಂತಿರುತ್ತದೆ. ಸಾಮ್ರಾಜ್ಯಗಳ ಇಸವಿಗಳನ್ನೆಲ್ಲ ಬಾಯಿಪಾಠ ಹೇಳುವ ಮನುಷ್ಯನಿಗೆ ಅದೊಂದು ನೆನಪಾಗಲಿಲ್ಲ.

ನಾನೋ, ಒಳಗೆ ಹೋಳಿಗೆಗೆ ಹೂರಣ ಅರೆಯುತ್ತಿದ್ದೆ. ಅಂಗಳದಲ್ಲಿ ನೀರಿನ ಸಪ್ಪಳ ಕೇಳಿತು. ಪಾಪ, ಅಕ್ಕ ಬರುತ್ತಾಳೆಂದು ಕಾರು ತೊಳೆಯುತ್ತಿದ್ದಾರೆ, ಎಷ್ಟೆಂದರೂ ಅಕ್ಕನ ಮೇಲೆ ಜೀವ ಎಂದುಕೊಂಡೆ. ಹೊಗಳಿದ್ದು ಮನಸ್ಸಿನಲ್ಲೇ ಆದದ್ದು ಒಳ್ಳೆಯದಾಯಿತು.

ಸಂಜೆ ಬಸ್ಸಿಗೆ ಶಾಂತಕ್ಕ ಬಂದರು. ಕೈಚೀಲದಲ್ಲಿ ಕಾಯಿ, ಹೂವಿನ ಮಾಲೆ, ವಿಭೂತಿ ಗಟ್ಟಿ, ಗಾಲಿಯ ಕೆಳಗಿಡಲು ಇಂಡಿ ನಿಂಬೆಹಣ್ಣು. ಕೈಕಾಲು ತೊಳೆದು, ತಟ್ಟೆ ಸಜ್ಜು ಮಾಡಿ, ವಿಭೂತಿ ನೆನೆಸಿಕೊಂಡು ಅಂಗಳಕ್ಕೆ ಬಂದರು. ಪಕ್ಕದ ಮನೆಯ ಕಸ್ತೂರಿಯೂ ಬಂದಳು. ಯಾರ ಮನೆಯಲ್ಲಿ ಗಂಟೆ ಬಾರಿಸಿದರೂ ಬರುವ ಹುಡುಗಿ ಅವಳು, ಮದುವೆಯಾಗಿ ಮೂರು ವರ್ಷವಾಗಿದೆ.

ಶಾಂತಕ್ಕ ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಬಾನೆಟ್ಟಿನತ್ತ ಬಗ್ಗಿದರು. ನಮ್ಮವರು ಹಾರಿ ಬಂದರು.

"ಅಕ್ಕಾ, ಕೈ ಹಚ್ಚಬ್ಯಾಡ."

"ಯಾಕೋ?"

"ಈಗಷ್ಟ ಸೀಲಂಟ್ ಹಚ್ಚೇನಿ. ಬಣ್ಣಕ್ಕ ಒಂದ್ ನಮೂನಿ ಔಷಧ ಅದು. ನಾಳಿ ತನಕಾ ಮುಟ್ಟಾಂಗಿಲ್ಲ."

"ಪೂಜಾಕ್ಕ ಅಂತ ಕರದು ಮುಟ್ಟಬ್ಯಾಡ ಅಂದ್ರ ಹೆಂಗೋ ತಮ್ಮಾ?"

"ಟೈರಿಗಿ ಹಚ್ಚು. ಟೈರಿಗಿ ಏನೂ ಆಗಂಗಿಲ್ಲ."

"ಹಣಿ ಬಿಟ್ಟು ಪಾದಕ್ಕ ವಿಭೂತಿ ಹಚ್ಚತಾರೇನು?"

"ಹಂಗಾದ್ರ ಮುಂದಿನ ಗ್ಲಾಸಿಗಿ ಹಚ್ಚು."

"ಕಣ್ಣಾಗ ಹಾಕಂತೀಯಾ?"

ಕಸ್ತೂರಿ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಶಾಂತಕ್ಕನಿಗೂ ನಗು ಬಂದಿತ್ತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮವರಿಗೆ ಇನ್ನೊಂದು ಐಡಿಯಾ ಬಂತು. ಒಳಗಿಂದ ಹಳೆಯ ಪೇಪರ್ ತಂದು, ಬಾನೆಟ್ಟಿಗೆ ತಾಗದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತರು. ಅದರ ಮೇಲೆ ಹಚ್ಚು, ಕಾರಿಗೆ ಮುಟ್ಟಿದಂತೆಯೇ ಎಂದರು. (ಈ ಅಂಕಣ ಬಂದ ಪುಟವಾದರೂ ಆಗಿದ್ದರೆ ನನಗೆ ಸ್ವಲ್ಪ ಪುಣ್ಯ ಸಿಗುತ್ತಿತ್ತು.)

"ಇಲ್ಲಂದ್ರ ನಾಳಿ ಮಾಡೋಣಕ್ಕಾ. ಏನ್ ಗಡಬಡಿ ಐತಿ?"

ಶಾಂತಕ್ಕನ ನಗು ನಿಂತಿತು. ಅವರು ಪೇಪರ್ ನೋಡಿದರು, ಕಾರು ನೋಡಿದರು, ಬಳೆ ಇಲ್ಲದ ತಮ್ಮ ಕೈ ನೋಡಿಕೊಂಡರು. ಬೆರಳಿನ ವಿಭೂತಿಯನ್ನು ತಿರುಗಿ ಬಟ್ಟಲಿಗೆ ಒರೆಸಿದರು.

"ಮೊದಲಽ ಹೇಳಿದ್ರ ನಾ ಬರ್ತಿದ್ದಿಲ್ಲೋ" ಎಂದರು ಮೆಲ್ಲಗೆ. ಆಮೇಲೆ ಕಸ್ತೂರಿಯ ಕೈಗೆ ತಟ್ಟೆ ಕೊಟ್ಟರು. "ತಗೋವಾ, ನೀ ಮಾಡು. ಮುತ್ತೈದಿ ಅದಿ. ನಿನ್ನ ಕೈಲೆ ಆಗಲಿ."

ನನಗೆ ತಟ್ಟನೆ ಹೊಳೆಯಿತು. ಸೀಲಂಟ್, ಡಬ್ಬಿ, ಔಷಧ, ಇದೆಲ್ಲ ಆ ಜೀವಕ್ಕೆ ಒಂದು ನೆವದಂತೆ ಕೇಳಿಸಿತ್ತು. ವರ್ಷವಿಡೀ ಜನ ಎಷ್ಟು ನಯವಾಗಿ ಅವರನ್ನು ದೂರ ಇಟ್ಟಿದ್ದರೆಂದರೆ, ನಿಜವಾದ ಕಾರಣ ಹೇಳಿದರೂ ಅವರು ಅದನ್ನೊಂದು ನಯವಾದ ಸುಳ್ಳೆಂದೇ ತಿಳಿದುಕೊಂಡರು. ಬೇರೆಯವರ ಅಂಗಳದಲ್ಲಾದರೆ ಹೇಗೋ ನುಂಗಿಕೊಳ್ಳುತ್ತಿದ್ದರು. ಇದು ತಮ್ಮನ ಅಂಗಳ. ಇಲ್ಲಿಂದ ಹೀಗೇ ಬಸ್ ಹತ್ತಿದರೆ ಅವರು ಮತ್ತೆ ಯಾರ ಮನೆಯ ಪೂಜೆಗೂ ಮುಂದೆ ಬರುತ್ತಿರಲಿಲ್ಲ.

ನಮ್ಮವರಿಗೆ ಆಗಲೂ ಹೊಳೆಯಲಿಲ್ಲ ನೋಡಿ. "ಕಸ್ತೂರಿನೂ ಮುಟ್ಟಾಂಗಿಲ್ಲಕ್ಕಾ. ಯಾರೂ ಮುಟ್ಟಾಂಗಿಲ್ಲ" ಎಂದು ಪೇಪರ್ ಹಿಡಿದೇ ನಿಂತಿದ್ದರು.

ನನಗೆ ಸಿಟ್ಟು ಬಂತು. "ನಿಮ್ಮ ಸೀಲಂಟ್ ಹಾಳಾಗ್ಲಿ. ಅಕ್ಕಾರು ಏನ್ ತಿಳಕೊಂಡ್ರು, ಅವರ ಮುಖ ನೋಡ್ರಿ ಮದ್ಲ" ಎಂದೆ.

ಅವರು ಅಕ್ಕನ ಮುಖ ನೋಡಿದರು. ಆಮೇಲೆ ಕೈ ನೋಡಿದರು. ಪೇಪರ್ ಕೈಯಿಂದ ಜಾರಿ ಅಂಗಳಕ್ಕೆ ಬಿತ್ತು. ನನ್ನ ಗಂಡನ ಬಗ್ಗೆ ಇಲ್ಲಿ ಏನೇನೋ ಬರೆದಿದ್ದೇನೆ, ಆದರೆ ಆಗ ಅವರ ಮುಖ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಕಸ್ತೂರಿಯ ಕೈಯಿಂದ ತಟ್ಟೆ ತೆಗೆದುಕೊಂಡು ಅಕ್ಕನ ಮುಂದೆ ಹಿಡಿದರು.

"ನೀ ಹಚ್ಚಕ್ಕಾ."

"ಔಷಧ ಕೆಡತೈತಂದ್ಯೆಲ್ಲೋ."

"ಕೆಡ್ಲಿ."

"ಇಷ್ಟ್ ಚಂದ ಮಿಂಚಾಕತ್ತೈತಿ. ಬ್ಯಾಡೋ."

"ನೀ ಹಚ್ಚಲಿಲ್ಲಂದ್ರ ಈ ಕಾರು ಗೇಟ್ ದಾಟಂಗಿಲ್ಲ. ಇಲ್ಲೇ ಇಟ್ಟು ಇದರಾಗ ಜ್ವಾಳ ತುಂಬತೇನಿ."

ಅಂಥ ಹೊತ್ತಲ್ಲೂ ಶಾಂತಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡರು. ಮತ್ತೆ ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡರು. ಬಾನೆಟ್ಟಿನ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ, ಒತ್ತಿ ಎಳೆದರು. ನಮ್ಮವರು ಕಣ್ಣು ಮುಚ್ಚಿಕೊಂಡರು. (ಭಕ್ತಿಯಿಂದ ಎಂದು ಕಸ್ತೂರಿ ತಿಳಿದಳು. ನಾನು ತಿದ್ದಲು ಹೋಗಲಿಲ್ಲ.)

ಮಾಲೆ ಹಾಕಿ, ಗಾಲಿಗಳಿಗೆ ನಿಂಬೆಹಣ್ಣು ಇಟ್ಟು ಬಂದ ಮೇಲೆ, ಕುಂಕುಮದ ಬಟ್ಟಲ ಹತ್ತಿರ ಶಾಂತಕ್ಕನ ಕೈ ನಿಂತಿತು. "ಇದೊಂದು ಕಸ್ತೂರಿ ಹಚ್ಚಲಿ" ಎಂದರು.

ಕಸ್ತೂರಿ ಅಲ್ಲಿರಲಿಲ್ಲ. ಗೇಟಿನ ಆಚೆ ಏನೋ ಉರುಳಿಸಿಕೊಂಡು ಬರುವ ಸದ್ದು. ನೋಡಿದರೆ, ಹೋದ ವಾರವಷ್ಟೇ ತಂದ ತನ್ನ ಸ್ಕೂಟಿಯನ್ನು ತಳ್ಳಿಕೊಂಡು ಬಂದು ಕಾರಿನ ಪಕ್ಕ ನಿಲ್ಲಿಸಿದಳು.

"ಅಕ್ಕಾರ, ಹಂಗಽ ನಮ್ಮ ಗಾಡಿಗೂ ಮಾಡ್ರಿ. ವಿಭೂತಿ, ಕುಂಕುಮ ಎರಡೂ ನೀವಽ ಹಚ್ಚರಿ. ಇದಕ್ಕ ಯಾವ ಔಷಧನೂ ಹಚ್ಚಿಲ್ಲ."

ಶಾಂತಕ್ಕ ಅವಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಸ್ಕೂಟಿಗೆ ಹಚ್ಚಿದರು, ಕಾರಿಗೆ ಹಚ್ಚಿದರು, ಎರಡಕ್ಕೂ ಆರತಿ ಬೆಳಗಿದರು. ನಾನು ಅವರ ಉಡಿ ತುಂಬಿದೆ. ಬೇಡ ಎಂದು ಒಂದೇ ಸಲ ಅಂದರು, ಎರಡನೆಯ ಸಲ ಅನ್ನಲಿಲ್ಲ. ಹೋಳಿಗೆ ಉಂಡು, ಮರುದಿನ ತಮ್ಮನ ಕಾರಿನಲ್ಲೇ ಮುಂದಿನ ಸೀಟಿನಲ್ಲಿ ಕೂತು ಯಂಕಂಚಿಗೆ ಹೋದರು. ದಾರಿಯುದ್ದಕ್ಕೂ ಗಾಜು ಇಳಿಸಿಯೇ ಇದ್ದರಂತೆ, ಜನಕ್ಕೆ ಕಾಣಲಿ ಎಂದು.

ಮೊನ್ನೆ ನಮ್ಮವರು ಕಾರು ತೊಳೆದರು. ನೀರು ಎಲ್ಲ ಕಡೆ ಮಣಿಮಣಿಯಾಗಿ ಉರುಳಿ ಹೋಗುತ್ತದೆ, ಬಾನೆಟ್ಟಿನ ನಡುವಿನ ಮೂರು ಗೆರೆಗಳಲ್ಲಿ ಮಾತ್ರ ಹಾಗೇ ಹರಡಿ ನಿಲ್ಲುತ್ತದೆ. ಅಲ್ಲಿ ಸೀಲಂಟ್ ಹಿಡಿದಿಲ್ಲ. ಇನ್ನೊಮ್ಮೆ ತಿಕ್ಕಿ ಹಚ್ಚಿದರೆ ಸರಿಹೋಗುತ್ತದೆ ಎಂದು ಮುದ್ದೇಬಿಹಾಳದಿಂದ ಫೋನಿನಲ್ಲಿ ಸಲಹೆ ಬಂತು. "ಇರ್ಲಿ ಬಿಡ್ರಿ" ಎಂದು ಇಟ್ಟರು ನಮ್ಮವರು. ಡಬ್ಬಿಯಲ್ಲಿ ಇನ್ನೂ ಅರ್ಧ ಸೀಲಂಟ್ ಉಳಿದಿದೆ.

ನಾನು ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದೆ. ಒಂದು ದಿನ ಯಾಕೆ ಮುಟ್ಟಬಾರದು, ಮುಟ್ಟಿದರೆ ಏನಾಗುತ್ತದೆ, ಎಲ್ಲ ವಿವರವಾಗಿ ಬರೆದಿದ್ದಾರೆ. ಶಾಂತಕ್ಕ ಜೀವನಪೂರ್ತಿ ಯಾಕೆ ಮುಟ್ಟಬಾರದು ಎಂದು ಬರೆದಿರುವ ಡಬ್ಬಿ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದೆಯೇ?