ಬೇಡವೆಂದವರಿಗೂ ಒಂದು ಲೋಟ ಟೀ

ಫಿಸಿಯೋಥೆರಪಿ ಕಲಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಬೆನ್ನು ನೋವೆಂದು ಬಂದವರ ಬೆನ್ನು ಮುಟ್ಟುವ ಮೊದಲು ಅವರ ಒಪ್ಪಿಗೆ ಕೇಳಬೇಕೆಂದು ಮನದಟ್ಟು ಮಾಡಿಸಿದವರು ವಿರಳ. ಈ ವರ್ಷ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ವಿರಳರಲ್ಲಿ ಮೊದಲಿಗರು. ಪಾಠ ಹೇಳುವುದರ ಜೊತೆಗೆ ಅವರು ಬಹುಕಾಲ ಕಾಲೇಜಿನ ನೈತಿಕ ಸಮಿತಿಯ ಕಾರ್ಯದರ್ಶಿಯಾಗಿದ್ದರು. ವಿದ್ಯಾರ್ಥಿಗಳು ಹೊರಗಿನ ಆಸ್ಪತ್ರೆ, ಶಾಲೆ, ಕಾರ್ಖಾನೆಗಳಿಗೆ ಸಂಶೋಧನೆಗೆಂದು ಹೋಗುವ ಮುನ್ನ, ಅಲ್ಲಿನ ಜನಕ್ಕೆ ಅದರಿಂದ ತೊಂದರೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಅನುಮತಿ ಕೊಡುವುದು ಈ ಸಮಿತಿಯ ಕೆಲಸ. ಕೊಡುವುದು ಎಂದೆನಲ್ಲ, ನಮ್ಮ ಅರ್ಜಿಗಳು ಹೋದ ದಾರಿಯಲ್ಲೇ ಹಿಂದಿರುಗುತ್ತಿದ್ದವು. ಹಾಗಾಗಿ ಅವರಿಗೆ ‘ವಾಪಸ್ ಮೇಡಂ’ ಎಂದು ಹೆಸರಿಟ್ಟಿದ್ದೆವು. ಅದು ಅವರಿಗೂ ಗೊತ್ತಿತ್ತೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಿಕ್ಕಿದ್ದ ಮೆಟ್ಟಿಲ ಕೆಳಗಿನ ಕೋಣೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಅಲ್ಲಿ ಯಾರೂ ಆಡುವಂತಿರಲಿಲ್ಲ. ಆಡಿದರೆ, “ಸುಮ್ನಿದ್ರೆ ಹೆದರಿದ್ದಾರೆ ಅಂತ ಕಣ್ರೀ, ಒಪ್ಪಿದ್ದಾರೆ ಅಂತಲ್ಲ” ಎಂದು ಗದರುತ್ತಿದ್ದರು. ಗದರಿದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡು, ನಮ್ಮ ಒಪ್ಪಿಗೆ ಪತ್ರದ ಬಾಯಿಗೆ ತಿರುಗದ ಪದಗಳನ್ನೆಲ್ಲ ತಾವೇ ತಿದ್ದಿಕೊಡುತ್ತಿದ್ದರು. “ಇದನ್ನ ನಿಮ್ಮಜ್ಜಿಗೆ ಓದಿ ಹೇಳು. ಅರ್ಥ ಆಗದಿದ್ರೆ ತಪ್ಪು ಅಜ್ಜಿದಲ್ಲ.”

ನನ್ನ ಕೊನೆಯ ವರ್ಷದಲ್ಲಿ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದುಕೊಡುವ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸರ ಬೆನ್ನು ನೋವನ್ನು ಅಧ್ಯಯನ ಮಾಡಲು ಹೊರಟೆ. ಅಲ್ಲಿನ ಮ್ಯಾನೇಜರು ಸಂತೋಷದಿಂದ ಪತ್ರ ಕೊಟ್ಟರು: ನಮ್ಮಲ್ಲಿ ಎಲ್ಲರೂ ಭಾಗವಹಿಸುತ್ತಾರೆ, ಒಬ್ಬರೂ ಇಲ್ಲವೆನ್ನುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬಂತೆ, ಮೇಡಂ ಆ ಸಾಲು ಓದಿಯೇ ಅರ್ಜಿಯನ್ನು ವಾಪಸ್ ಮಾಡಿದರು. ಆ ತಿಂಗಳೊಳಗೆ ಕೆಲಸ ಶುರುವಾಗದಿದ್ದರೆ ನನ್ನ ಒಂದು ವರ್ಷವೇ ಹಾಳಾಗುತ್ತಿತ್ತು. ಅವರೆದುರಿಗೇ ಅತ್ತುಬಿಟ್ಟೆ.

“ಒಬ್ಬರೂ ಇಲ್ಲ ಅನ್ನಲ್ಲ ಅಂತ ಬರ್ದಿದ್ದಾರೆ. ಅನ್ನೋಕೆ ಅಲ್ಲಿ ಜಾಗ ಇದ್ಯಾ, ನೋಡಿದೀಯಾ?” ಎಂದರು. “ಮುಖ ತೊಳ್ಕೊಂಡು ಬಾ, ಹೋಗಿ ನೋಡೋಣ.”

ನೋಡಿದೆವು. ಹೆಂಗಸರನ್ನು ಕೂರಿಸಿ ಪ್ರಶ್ನೆ ಕೇಳಲು ಮ್ಯಾನೇಜರು ನನಗೆಂದು ಗೊತ್ತುಮಾಡಿದ್ದು ತಮ್ಮದೇ ಗಾಜಿನ ಕ್ಯಾಬಿನ್. ಯಾರು ಒಳಗೆ ಹೋದರು, ಯಾರು ಹೋದ ಕಾಲಲ್ಲೇ ಹೊರಬಂದರು ಎಂಬುದು ಇಡೀ ಲಾಂಡ್ರಿಗೆ ಕಾಣುತ್ತಿತ್ತು. “ಯಾರ ಬೆನ್ನು ಹೋಗಿದೆ ಅಂತ ನಮಗೂ ಒಂದು ಮಾತು ಹೇಳಿ. ಅವರ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀವಿ” ಎಂದರು ಅವರು, ನಮಗೇನೋ ಉಪಕಾರ ಮಾಡುವವರಂತೆ.

“ಅದೊಂದು ಆಗಲ್ಲ ಸಾರ್” ಎಂದರು ಮೇಡಂ. “ಹೆಸರು ಕೇಳೋದಾದ್ರೆ ನಮ್ಮ ಹುಡುಗಿ ಇಲ್ಲಿಗೆ ಬರೋದೇ ಇಲ್ಲ. ಅವಳ ವರ್ಷ ಹೋದ್ರೂ ಸರಿ.”

ನನ್ನ ವರ್ಷವನ್ನು ಅವರು ಅಷ್ಟು ಸಲೀಸಾಗಿ ಪಣಕ್ಕಿಟ್ಟಾಗ ನನಗೆ ಸಿಟ್ಟೇ ಬಂತೆಂದು ಇಲ್ಲಿ ಹೇಳಲೇಬೇಕು. ಮ್ಯಾನೇಜರು ಗೊಣಗುತ್ತಲೇ, ಹೆಸರು ಕೇಳುವುದಿಲ್ಲವೆಂದು ಬರೆದುಕೊಟ್ಟರು. ಮಡಿಸಿದ ಬಟ್ಟೆ ಪೇರಿಸಿಡುವ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿ ಮೇಡಂ ನಿಯಮ ಹೇಳಿದರು: ಸರದಿಯಂತೆ ಎಲ್ಲರೂ ಒಬ್ಬೊಬ್ಬರಾಗಿ ಬರಲಿ, ಬಾಗಿಲು ಮುಚ್ಚಿರಲಿ, ಎಲ್ಲರಿಗೂ ಟೀ ಕೊಡು, ಉತ್ತರ ಹೇಳಿದವರೂ ಹೇಳದವರೂ ಅಷ್ಟೇ ಹೊತ್ತು ಕೂತು ಎದ್ದು ಹೋಗಲಿ. ಆ ವಾರವೇ ಅನುಮತಿ ಸಿಕ್ಕಿತು.

ಎರಡನೆಯ ದಿನ ಒಬ್ಬ ಹೆಂಗಸು ಬಂದು, “ನಂಗಿದೆಲ್ಲ ಬೇಡಮ್ಮ” ಎಂದರು. “ಆಗ್ಲಿ ಅಕ್ಕ, ಟೀ ಕುಡೀರಿ” ಎಂದೆ. ಕುಡಿದರು. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದರು. ನಾನು ಪೆನ್ನು ಮುಚ್ಚಿಟ್ಟು, ಅವರು ಏಳುವವರೆಗೂ ಸದ್ದು ಮಾಡದೆ ಕೂತಿದ್ದೆ. ಬೇಡ ಎಂದವರು ಅವರೆಂದು ಹೊರಗೆ ಯಾರಿಗೂ ತಿಳಿಯಲಿಲ್ಲ. ಮೇಡಂ ಮೇಲಿನ ಸಿಟ್ಟು ಹೋದದ್ದು ಆಗಲೇ.

ಇಂದು ನಮ್ಮ ಕಾಲೇಜಿನವರು ಹೊರಗೆ ಎಲ್ಲಿಗೇ ಹೋಗಲಿ, ಇದೇ ಪದ್ಧತಿ. ಆ ಸಮಿತಿಯಲ್ಲಿ ಈಗ ನಾನೂ ಇದ್ದೇನೆ. ವಿದ್ಯಾರ್ಥಿಗಳು ನನಗೂ ಒಂದು ಹೆಸರಿಟ್ಟಿದ್ದಾರೆ, ನನಗೆ ಗೊತ್ತಿಲ್ಲವೆಂದುಕೊಂಡಿದ್ದಾರೆ.

ಈ ಲೇಖನವನ್ನು ಮೊದಲು ಮೇಡಂಗೆ ತೋರಿಸಿದೆ. ಓದಿ, ಅಭ್ಯಾಸಬಲವೋ ಏನೋ, ವಾಪಸ್ ಕೊಟ್ಟರು. “ನನ್ನ ಬಗ್ಗೆ ಏನಾದ್ರೂ ಬರ್ಕೋ. ಆ ನಿದ್ದೆ ಮಾಡಿದವಳನ್ನ ಕೇಳಿದ್ಯಾ? ಅವಳು ಆವತ್ತೇ ಬೇಡ ಅಂದಿದ್ದಳಲ್ಲ?”

ಹುಡುಕಿಕೊಂಡು ಹೋದೆ. ಲಾಂಡ್ರಿ ಬಿಟ್ಟು ಮಗಳ ಮನೆಯಲ್ಲಿದ್ದರು. ಅವರ ಭಾಗವನ್ನು ಓದಿ ಹೇಳಿದೆ. ಕೊನೆಯವರೆಗೂ ಆಲಿಸಿ ಕೇಳಿದರು:

“ಇದಕ್ಕೂ ಬೇಡ ಅನ್ನಬಹುದಾ?”

“ಅನ್ನಬಹುದು ಅಕ್ಕ.”

“ಹಂಗಾದ್ರೆ ಬರೀರಿ.”

ಮೇಡಂ, ಅನುಮತಿ ಸಿಕ್ಕಿದೆ. ನೂರು ಕಾಲ ಬಾಳಿ. ನಮ್ಮನ್ನು ಇನ್ನೂ ಬಹಳ ಸಲ ವಾಪಸ್ ಕಳಿಸಿ.