ಕ್ಯಾಸೆಟ್ಟಿನೊಳಗಿನ ಹೆಣ್ಣುದನಿ

ನನ್ನ ಮಗ ಬಿಡುಗಡೆಯಾದ! ರಾಯಚೂರಿನ ಕೋರ್ಟಿನ ಮುಂದೆ, ಬೇವಿನ ಗಿಡದ ಕೆಳಗೆ, ಮೂರು ತಿಂಗಳ ಮಗಳನ್ನು ಮೊದಲ ಸಲ ಎತ್ತಿಕೊಂಡ. ನನ್ನ ಬಂಗಾರದಂಥ ಮೊಮ್ಮಗಳು ಅಪ್ಪನ ಮೀಸೆ ಹಿಡಿದು ಜಗ್ಗಿದಳು. ನಾನು ನೆಲಕ್ಕೆ ಕುಳಿತು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಎಂಬತ್ತರ ದಶಕದ ಮಾತು ಇದು. ಇವತ್ತು ಬರೆಯುವಾಗಲೂ ಅಕ್ಷರ ನಿಲ್ಲುತ್ತಿಲ್ಲ, ಕುಣಿಯುತ್ತಿವೆ.

ನಮ್ಮೂರು ಮಸರಕಲ್ಲಿನಲ್ಲಿ ಒಬ್ಬರ ಮೇವಿನ ಬಣವೆ ಸುಟ್ಟಿತ್ತು. ಹಿಂದಿನ ದಿನ ನನ್ನ ಮಗ ಅವರೊಂದಿಗೆ ಜಗಳವಾಡಿದ್ದ, ಅನುಮಾನ ಅವನ ಮೇಲೆಯೇ ಬಿತ್ತು. ಆರು ತಿಂಗಳ ಬಸುರಿ ಸೊಸೆಯನ್ನು ಠಾಣೆಗೆ ಕರೆಸಿದರು. ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಪಕ್ಕದಲ್ಲೇ ಬಸ್ ಸ್ಟ್ಯಾಂಡು, ಹಾರನ್ನಿನ ಗದ್ದಲ. ಸಾಹೇಬರು ಏನೇನೋ ಕೇಳಿದರು. ಗದ್ದಲದಲ್ಲಿ ಸೊಸೆಯ ಉತ್ತರ ಅರ್ಧ ನನಗೆ ಕೇಳಿಸಲೇ ಇಲ್ಲ. ಆಮೇಲೆ ಕಳಿಸಿಬಿಟ್ಟರು.

ಮರುದಿನ ಮಗನನ್ನು ಹಿಡಿದೊಯ್ದರು. "ಬೆಂಕಿ ಹಚ್ಚಿದಾಂವ ಯಾರು ಅಂತ ಕೇಳಿದ್ರ ಹೆಂಡ್ತಿನೇ ಗಂಡನ ಹೆಸರು ಹೇಳ್ಯಾಳ. ಕ್ಯಾಸೆಟ್‌ನಾಗ ಅದ," ಅಂದರು.

ನನಗೆ ಸಿಡಿಲು ಬಡಿದಂತಾಯಿತು. ಬೆಂಕಿಯ ಮಾತು ಹಾಗಿರಲಿ, ಗಂಡನ ಹೆಸರು! ನಮ್ಮ ಮನೆಗಳಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ತುಟಿಗೆ ತರುವುದಿಲ್ಲ. ಇವಳು ಹೆಸರನ್ನೂ ಹೇಳಿದಳು, ಗಂಡನನ್ನೂ ಜೈಲಿಗೆ ಕೊಟ್ಟಳು.

"ನಾ ಹೇಳಿಲ್ರೀ ಅತ್ತಿ. ಹೊಟ್ಟ್ಯಾಗಿನ ಕೂಸಿನ ಆಣಿ," ಅಂದಳು.

"ಮಶೀನು ಸುಳ್ಳು ಹೇಳ್ತದೇನ ಬೇ? ನಡಿ ನಿನ್ನ ತವರಿಗೆ!"

ಮಾನ್ವಿಯ ಬಸ್ಸು ಹತ್ತಿಸಿಬಿಟ್ಟೆ. ಕೂಸು ಅಲ್ಲಿಯೇ ಹುಟ್ಟಿತು. ನೋಡಲು ನಾನು ಹೋಗಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಮಗನಿಗೆ ಜಾಮೀನು ಸಿಗಲಿಲ್ಲ. ನಮ್ಮ ವಕೀಲರು ಆ ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ಎಷ್ಟು ಸಲ ಕೇಳಿದರೋ. "ಯವ್ವಾ, ಬೆಂಕಿ ಹಚ್ಚಿದಾಂವ ಯಾರು ಅನ್ನೋ ಪ್ರಶ್ನಿಗೂ ಹೆಸರಿಗೂ ನಡುವ ಬಸ್ಸಿನ ಹಾರನ್ ಅದ. ಅದರ ಕೆಳಗ ಸಾಹೇಬ್ರು ಇನ್ನೇನೋ ಕೇಳ್ಯಾರ. ಪೊಲೀಸರು ಕೇಳಿ ಬರಕೊಂಡ ಕಾಗದದಾಗ ಆ ಜಾಗ ಖಾಲಿ ಬಿಟ್ಟಾರ," ಅಂದರು. ಕಿವಿಗೆ ಯಂತ್ರ ಹಾಕಿಕೊಂಡು ಪರೀಕ್ಷೆ ಮಾಡಿದವರಿಗೂ ಹಾರನ್ನಿನ ಕೆಳಗಿನ ಮಾತು ಸಿಗಲಿಲ್ಲ.

ಕೊನೆಗೆ ಕೋರ್ಟಿನಲ್ಲಿ ಕ್ಯಾಸೆಟ್ಟನ್ನು ಹಾಕಿ ಕೇಳಿಸಿದರು. ನಾನು ಕೇಳಿದ್ದು ಅದೇ ಮೊದಲು. "ಬೆಂಕಿ ಹಚ್ಚಿದಾಂವ ಯಾರು?" ಆಮೇಲೆ ಉದ್ದನೆಯ ಹಾರನ್. ಆಮೇಲೆ ಒಂದು ಹೆಣ್ಣುದನಿ ನನ್ನ ಮಗನ ಹೆಸರು ಹೇಳಿ, "ಅಂತ ನೋಡ್ರೀ ಸಾಹೇಬ್ರ" ಅಂದಿತು. ಒಡಕು ದನಿ. ಯಾವಳಿವಳು ಮುದುಕಿ ಎಂದುಕೊಂಡು ಸೊಸೆಯ ಕಡೆ ನೋಡಿದೆ. ಕೂಸನ್ನು ಎದೆಗವಚಿಕೊಂಡು ಆಚೆ ಬೆಂಚಿನ ಮೇಲೆ ಕುಳಿತಿದ್ದವಳು ನನ್ನನ್ನೇ ಬಾಯಿ ತೆರೆದು ನೋಡುತ್ತಿದ್ದಳು.

"ಅತ್ತಿ, ಅದು ನೀವು!"

ನನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆಂದು ನನಗೇನು ಗೊತ್ತು? ಮಾತಿನ ಬಾಲ ಮಾತ್ರ ನನ್ನದೇ. ದವಾಖಾನೆಯಲ್ಲಿ, ರೇಶನ್ ಕಾರ್ಡಿನ ಕಚೇರಿಯಲ್ಲಿ, ಎಲ್ಲಿ ಗಂಡನ ಹೆಸರು ಕೇಳಿದರೂ ಸೊಸೆ ತಲೆ ತಗ್ಗಿಸುತ್ತಿದ್ದಳು, ನಾನು ಹೇಳುತ್ತಿದ್ದೆ. ಠಾಣೆಯಲ್ಲೂ ಹಾಗೆಯೇ ಹೇಳಿದ್ದೆನಲ್ಲ! ಉಸಿರಾಡಿದ್ದನ್ನು ಯಾರು ನೆನಪಿಡುತ್ತಾರೆ? ಮಗನನ್ನು ಜೈಲಿಗೆ ಕಳಿಸಿದ್ದು ನನ್ನದೇ ಬಾಯಿ.

ನ್ಯಾಯಾಧೀಶರು ಸೊಸೆಯನ್ನು ನಿಲ್ಲಿಸಿದರು. "ನಿನ್ನ ಗಂಡನ ಹೆಸರೇನಮ್ಮಾ?"

ಅವಳು ತಲೆ ತಗ್ಗಿಸಿದಳು. ಮೆಲ್ಲಗೆ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ನನಗೆ ತಿಳಿಯುವ ಮೊದಲೇ ಬಾಯಿ ತೆರೆದಿತ್ತು. ಹೆಸರು ಹೇಳಿ, "ಅಂತ ನೋಡ್ರೀ ಸಾಹೇಬ್ರ" ಅಂದುಬಿಟ್ಟೆ.

ಕೋರ್ಟೆಲ್ಲ ಗೊಳ್ಳೆಂದಿತು. ನ್ಯಾಯಾಧೀಶರು ನಗಲಿಲ್ಲ. ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿಸಿದರು. ಅದೇ ದನಿ, ಅದೇ ಬಾಲ. ಹಾರನ್ನಿನ ಕೆಳಗೆ ಯಾವ ಪ್ರಶ್ನೆ ಹೂತುಹೋಗಿತ್ತೆಂದು ಆಗ ಎಲ್ಲರಿಗೂ ತಿಳಿಯಿತು. ಬೇರೆ ಸಾಕ್ಷಿ ಇರಲಿಲ್ಲ. ಮಧ್ಯಾಹ್ನ ಮಗನನ್ನು ಬಿಟ್ಟರು.

ಹೊರಗೆ ಬಂದು ಸೊಸೆಯ ಎದುರು ನಿಂತೆ. "ತಪ್ಪಾತವ್ವಾ. ನನ್ನ ಬಾಯಿ ಅವನ್ನ ಒಳಗ ಹಾಕ್ತು, ನಿನ್ನ ಹೊರಗ ಹಾಕ್ತು."

ಅವಳ ಕಣ್ಣು ತುಂಬಿದ್ದವು. "ನೀವು ಒಮ್ಮೆಯಾದ್ರೂ ನನ್ನ ಮಾತು ನಂಬಬೇಕಿತ್ತು, ಅತ್ತಿ," ಅಂದಳು.

ಮಗ ನಡುವೆ ಬಂದ. "ಇನ್ನ ಮ್ಯಾಲ ನನ್ನ ಹೆಸರು ನಾನೇ ಹೇಳ್ಕೋತೀನಿ. ಯವ್ವಾ, ನೀ ಸುಮ್ನಿರು!"

ಸೊಸೆ ಫಕ್ಕನೆ ನಕ್ಕಳು.

ದೇವದುರ್ಗದ ಬಸ್ಸು ಹಿಡಿದು ಎಲ್ಲರೂ ಊರಿಗೆ ಬಂದೆವು. ಸಂಜೆ ಬಿಸಿ ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಶೇಂಗಾ ಕುಟ್ಟಿದ ಖಾರದ ಹಿಂಡಿ. ದಿನವೂ ಗಂಡಸರದು ಮುಗಿದ ಮೇಲೆ ನಮ್ಮ ಊಟ. ಅವತ್ತು ನಮ್ಮ ಯಜಮಾನರು, "ಎಲ್ಲಾರೂ ಒಮ್ಮಿಗೇ ಕುಂದರ್ರಿ," ಅಂದರು. ಮಗ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ರೊಟ್ಟಿ ಮುರಿದ. ಮೊದಲ ರೊಟ್ಟಿಯನ್ನು ನಾನು ಸೊಸೆಯ ತಾಟಿಗೆ ಹಾಕಿದೆ.

"ಹಿಂಡಿ ಇನ್ನಷ್ಟು ನೀಡ್ರೀ ಅತ್ತಿ," ಅಂದಳು. "ನಿಮ್ಮ ಕೈಯಾಂದು ತಿಂದು ಭಾಳ ದಿನಾತು."

ನೀಡಿದೆ. ಆಮೇಲೆ ಅವಳ ಪಕ್ಕದಲ್ಲೇ ಕುಳಿತು ಉಂಡೆ.